ಕೊಲೊನೊಸ್ಕೋಪಿ ವರ್ಷದ ಹಬ್ಬ ಅಲ್ಲ

ನಮ್ಮ ಬಳಗದಾಗ ಈಗ ಎರಡು ಪಕ್ಷ ಆಗ್ಯಾವ. "ವರ್ಷಾ ವರ್ಷಾ ಮಾಡಿಸಿಬಿಟ್ರ ಚಿಂತಿನ ಇಲ್ಲ" ಅನ್ನೋ ವೈನಿಗಳು ಒಂದು ಕಡೆ. "ಒಮ್ಮೆ ನಾರ್ಮಲ್ ಬಂದದ, ಇನ್ನ ಜನ್ಮಕ್ಕ ಸಾಕು" ಅನ್ನೋ ಮಾಮಿಗಳು ಇನ್ನೊಂದು ಕಡೆ. ಸಿಟ್ಟಾಗಬ್ಯಾಡ್ರಿ, ನಾ ಎರಡೂ ಪಕ್ಷದಾಗಿಲ್ಲ.

ಮೊದಲು ವೈನಿಗಳಿಗೆ. ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರೋರಾತ್ರಿ ಹುಟ್ಟೂದಲ್ಲ. ಹೆಚ್ಚಾಗಿ ಮೊದಲು ಪಾಲಿಪ್ ಅನ್ನೋ ಸಣ್ಣ ಗಂಟು ಏಳ್ತದ. ಅದು ಕೆಡಲಿಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಬಹಳಷ್ಟು ಪಾಲಿಪ್ ಕೆಡೂದೂ ಇಲ್ಲ. ಅದಕ್ಕ ಅಮೆರಿಕಾದಾಗ 45ಕ್ಕ ಶುರು ಮಾಡಿ, ತ್ರಾಸು ಇಲ್ಲದವರಿಗೆ, ಮನೆತನದಾಗ ಈ ರೋಗ ಇಲ್ಲದವರಿಗೆ, ನಾರ್ಮಲ್ ಬಂದ್ರ 10 ವರ್ಷ ಬಿಟ್ಟು ಬರ್ರಿ ಅಂತಾರ. ನಮ್ಮ ದೇಶದಾಗ ಈ ಕ್ಯಾನ್ಸರ್ ಅಲ್ಲಿಗಿಂತ ಕಡಿಮಿ. ಮತ್ತ ನಮಗ್ಯಾಕ ವರ್ಷಕ್ಕೊಮ್ಮೆ? ಭೇದಿ ಔಷಧ ಕುಡಿದು ರಾತ್ರಿಯೆಲ್ಲಾ ಓಡಾಡಬೇಕು. ಅಪರೂಪಕ್ಕ ಕರುಳಿಗೆ ತೂತು ಬೀಳ್ತದ, ರಕ್ತ ಹೋಗ್ತದ. ವಯಸ್ಸಾದಂಗ ಆ ಅಪಾಯ ಹೆಚ್ಚು. ಪ್ಯಾಕೇಜಿನಾಗ ರಿಯಾಯಿತಿ ಅದ ಅಂತ ಓಡಲಿಕ್ಕೆ ಇದೇನು ಸೀರಿ ಸೇಲ್ ಏನ್ರಿ?

ಈಗ ಮಾಮಿಗಳಿಗೆ. ಆ 10 ವರ್ಷ ಎಲ್ಲಾರಿಗೂ ಅಲ್ಲ. ಹಿಂದಿನ ಸಲ ಏನು ಸಿಕ್ಕಿತ್ತು ಅನ್ನೋದರ ಮ್ಯಾಲೆ ಮುಂದಿನ ತಾರೀಖು. 2020ರ ಅಮೆರಿಕಾದ ಡಾಕ್ಟರ್‌ಗಳ ಸೂಚನೆ ಪ್ರಕಾರ, ಅಡೆನೋಮ ಅನ್ನೋ ಜಾತಿಯ ಸಣ್ಣ ಪಾಲಿಪ್ ಒಂದೆರಡು ತೆಗೆದಿದ್ರ 7ರಿಂದ 10 ವರ್ಷ. ಮೂರು ನಾಲ್ಕಿದ್ರ 3ರಿಂದ 5. ಒಂದ ಇದ್ರೂ 10 ಮಿಲಿಮೀಟರ್ ಇಲ್ಲಾ ಅದಕ್ಕೂ ದೊಡ್ಡದಿದ್ರ, ಅಥವಾ ಐದರಿಂದ ಹತ್ತು ಇದ್ರ, 3 ವರ್ಷ. ಹತ್ತಕ್ಕಿಂತ ಹೆಚ್ಚಿದ್ರ ಒಂದ ವರ್ಷ. ಹೊಟ್ಟಿ ಸ್ವಚ್ಛ ಆಗದ ಒಳಗ ಸರಿಯಾಗಿ ಕಾಣದಿದ್ರ ಅದನ್ನ ನಾರ್ಮಲ್ ಅಂತ ಹಿಡಿಯೂಹಂಗಿಲ್ಲ, ವರ್ಷದೊಳಗ ಮತ್ತ ಮಾಡಿಸಬೇಕು.

ಅವ್ವ, ಅಪ್ಪ, ಅಣ್ಣ, ತಂಗಿ, ಮಕ್ಕಳು, ಇವರೊಳಗ ಯಾರಿಗರೆ 60ರ ಮೊದಲ ಈ ಕ್ಯಾನ್ಸರ್ ಆಗಿದ್ರ ಲೆಕ್ಕ ಬ್ಯಾರೆ. 40ಕ್ಕ, ಇಲ್ಲಾ ಅವರಿಗೆ ಆದ ವಯಸ್ಸಿಗಿಂತ 10 ವರ್ಷ ಮೊದಲ, ಯಾವುದು ಮುಂಚೆ ಬರ್ತದೋ ಆವಾಗ ಶುರು. ಆಮ್ಯಾಲೆ 5 ವರ್ಷಕ್ಕೊಮ್ಮೆ. ಅಣ್ಣಗ 48ಕ್ಕ ಆಗಿದ್ರ ತಂಗಿಗೆ 38.

ನನಗ ಖರೇ ಸಿಟ್ಟು ಬರೋದು ಇಲ್ಲೇ. ನಮ್ಮ ಮನಿಗಳೊಳಗ ಈ ರೋಗದ ಹೆಸರ ಹೇಳೂದಿಲ್ಲ. "ಅಜ್ಜಿಗೆ ಹೊಟ್ಟ್ಯಾಗ ಗಡ್ಡಿ ಆಗಿತ್ತು" ಅಂತ ಮುಗಿಸಿಬಿಡ್ತಾರ. ಯಾಕಂದ್ರ ಹುಡುಗಿ ಲಗ್ನ ಆಗಬೇಕಲ್ಲ! ಲಗ್ನ ಆಗಲಿ, ಸಂತೋಷ. ಆದ್ರ ಆ ಹುಡುಗಿಗೆ 40 ಆದಾಗ ಡಾಕ್ಟರು "ಮನೆತನದಾಗ ಯಾರಿಗರೆ ಇತ್ತೇನು?" ಅಂತ ಕೇಳಿದ್ರ ಅಕಿ ಇಲ್ಲ ಅಂತಾಳ. ಸುಳ್ಳು ಹೇಳಿದ್ದು ಅಕಿ ಅಲ್ಲ, ನಾವು.

ಇನ್ನೊಂದು. ಈ ವರ್ಷದ ಲೆಕ್ಕ ಎಲ್ಲಾ ತ್ರಾಸು ಇಲ್ಲದವರಿಗೆ. ಶೌಚದಾಗ ರಕ್ತ ಕಂಡ್ರ, ಹೊಟ್ಟಿ ಹೋಗೋ ರೀತಿ ಬದಲಾಗಿ ವಾರಗಟ್ಟಲೆ ಹಂಗ ಉಳಿದ್ರ, ಮುಟ್ಟು ನಿಂತ ಮ್ಯಾಲೂ ಹಿಮೋಗ್ಲೋಬಿನ್ ಇಳೀತಿದ್ರ, ಮೂಲವ್ಯಾಧಿ ಅಂತ ಮನಿಮದ್ದು ಮಾಡ್ಕೋತ, ಶೇಂಗಾ-ಬೆಲ್ಲಾ ತಿನ್ಕೋತ ಕೂಡಬ್ಯಾಡ್ರಿ. ಹೋದ ವರ್ಷ ನಾರ್ಮಲ್ ಬಂದಿದ್ರೂ ಸೈತ ಹೋಗಿ ತೋರಿಸ್ರಿ.

ರಿಪೋರ್ಟನ್ನ ಬಂಗಾರದ ಜೋಡಿ ಕಪಾಟಿನಾಗ ಇಡ್ರಿ. ಕರುಳು ಪೂರ್ತಿ ನೋಡ್ಯಾರೇನು, ಸ್ವಚ್ಛ ಇತ್ತೇನು, ಏನು ತೆಗೆದ್ರು, ಮುಂದಿನದು ಯಾವಾಗ: ಈ ನಾಲ್ಕು ಬರೆಸಿಕೊಳ್ಳದ ಮನಿಗೆ ಬರಬ್ಯಾಡ್ರಿ. ಮತ್ತ ಆ ರಿಪೋರ್ಟಿನ ಸುದ್ದಿ ಮಗಳಿಗೂ ಮಗನಿಗೂ ಹೇಳ್ರಿ.