ಎಂಜಿನ್ನಿಗೂ ಬೇಕು ಉಸಿರುದಾರಿ

ಕುಕ್ಕರಿನ ಆವಿಕೊಳವೆಗೆ ಅನ್ನದ ಅಗುಳು ಸಿಕ್ಕಿಕೊಂಡರೆ ಏನಾಗುತ್ತದೆ? ಒಳಗಿನ ಒತ್ತಡ ಏರಿ ಬೇರೆ ದಾರಿ ಹುಡುಕುತ್ತದೆ. ಹಳೆಯ ಕಾರಿನ ಕಥೆಯೂ ಇಷ್ಟೇ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ, ಎಣ್ಣೆಯಿರುವ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದರಲ್ಲಿ ನೀರಾವಿಯೂ ಉರಿಯದ ಪೆಟ್ರೋಲೂ ಇರುತ್ತವೆ. ಹಿಂದೆ ಇದನ್ನು ಹೊರಗಿನ ಗಾಳಿಗೇ ಬಿಡುತ್ತಿದ್ದರು. ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯದಲ್ಲಿ, 1961ರ ಮಾದರಿಯ ಕಾರುಗಳಿಂದ, ಅದನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಏರ್ಪಾಡು ಬಂತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ತೋಟದಿಂದ ಪೇಟೆಗಷ್ಟೇ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ನೀರಾವಿ ತಣಿದು ಎಣ್ಣೆಯೊಡನೆ ಬೆರೆತು ಗಸಿಯಾಗಿ ಕೊಳವೆಯನ್ನು ಕಟ್ಟುತ್ತದೆ. ಜಗಳೂರಿನಂಥ ಬಯಲುಸೀಮೆಯ ಧೂಳು ಒಳಹೊಕ್ಕರೆ ರಿಂಗುಗಳು ಸವೆದು ನುಸುಳುವ ಅನಿಲವೂ ಹೆಚ್ಚುತ್ತದೆ.

ದಾರಿ ಕಟ್ಟಿದಾಗ ಒತ್ತಡ ಎಣ್ಣೆಯನ್ನು ಸೀಲುಗಳಿಂದ ಹೊರದೂಡುತ್ತದೆ. ನೆಲದ ಮೇಲೆ ಕಲೆ, ಏರ್ ಫಿಲ್ಟರಿನಲ್ಲಿ ಎಣ್ಣೆ ಕಾಣುತ್ತದೆ. ಎಂಜಿನ್ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ಕೊಳವೆಯನ್ನು ನೋಡಬೇಕು.

ಎಂಜಿನ್ ಆರಿದ ಮೇಲೆ ಕೊಳವೆ ಬಿಡಿಸಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬಿರುಕಿದ್ದರೆ ಬದಲಿಸಿ. ಕವಾಟವಿರುವ ಕಾರಾದರೆ ಅದನ್ನು ಅಲುಗಾಡಿಸಿ. ಸಾಮಾನ್ಯವಾಗಿ ಟಕಟಕ ಸದ್ದು ಬರಬೇಕು. ಬಾರದಿದ್ದರೆ ಹೊಸದು ಹಾಕಿಸಿ. ಆಮೇಲೂ ಎಣ್ಣೆ ಸೋರಿದರೆ ರಿಂಗು, ಸೀಲುಗಳನ್ನು ಮೆಕ್ಯಾನಿಕ್ ನೋಡಲಿ.

ಒಂದು ಎಚ್ಚರಿಕೆ: ಹತ್ತಿರ ಬೆಂಕಿ ಬೇಡ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆದೀತು. ಕೈಹಾಕುವವರು ದೊಡ್ಡವರಾಗಿರಲಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಒತ್ತಡದ ಪಾಠ ಮರೆಯುವುದಿಲ್ಲ.