ಮುಟ್ಟಿ ನೋಡುತ್ತೇನೆ ಎಂದಿದ್ದಿರಿ

ಅಂಗವಿಕಲತೆ ಪ್ರಮಾಣಪತ್ರ ಮಂಡಳಿಯ ಅಧ್ಯಕ್ಷರಾದ ಡಾಕ್ಟರ್ ಸಾಹೇಬರಿಗೆ, ಮಮದಾಪುರದಿಂದ.

ನಿಮ್ಮ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಯಾರಿಗೆ ಬರೆದದ್ದೆಂದು ನಿಮಗೆ ತಿಳಿದರೆ ಸಾಕು. ಮೂರು ಅರ್ಜಿ, ಎರಡು ನೆನಪೋಲೆ, ನಿಮ್ಮ ಗುಮಾಸ್ತರಿಗೆ ಲೆಕ್ಕವಿಲ್ಲದಷ್ಟು ಫೋನು, ಎಲ್ಲವೂ ಮುಗಿದ ಮೇಲೆ ಈ ಪತ್ರ ಹತ್ತು ಮಂದಿಯ ಮುಂದೆ ಬಂದಿದೆ.

ನಮ್ಮ ಅಕ್ಕ ಜೋಳದ ಕಣದಲ್ಲಿ ಬಿದ್ದದ್ದು, ಪೆಟ್ಟು ಮಾಯ್ದರೂ ಸೊಂಟದ ನೋವು ಭುಜಕ್ಕೂ ಕೈಗಳಿಗೂ ಏರಿದ್ದು, ಆರು ವರ್ಷದ ಎಕ್ಸ್‌ರೇ, ಎಂಆರ್‌ಐ ಎಲ್ಲವೂ ಫೈಲಿನಲ್ಲಿವೆ. ಫೈಲಿನಲ್ಲಿ ಇಲ್ಲದ್ದು ಒಂದು ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ನೀವು ಆಡಿದ ಮಾತು: "ಫಿಲ್ಮಿನಾಗ ಕಾಣಂಗಿಲ್ಲ ಅಂದ್ರ ಬ್ಯಾನಿ ಇಲ್ಲ ಅಂತಲ್ಲ. ಬರೋ ಬುಧವಾರ ಕರ್ಕೊಂಡ್ ಬರ್ರಿ, ನಾನೇ ಮುಟ್ಟಿ ನೋಡ್ತೀನಿ." ಅವತ್ತು ಅಕ್ಕ ಬಸ್ಸಿನಲ್ಲಿ ಅತ್ತಳು. ನೋವಿಗಲ್ಲ.

ಬುಧವಾರ ಬಂದೆವು. ಸೆರಗು ತಾಗಿದರೂ ಉರಿಯುತ್ತದೆಂದು ಅದನ್ನು ಎತ್ತಿ ಹಿಡಿದುಕೊಂಡೇ ನಾಲ್ಕು ತಾಸು ಬೆಂಚಿನ ಮೇಲೆ ಕೂತಳು. ನೀವು ಫಿಲ್ಮನ್ನು ಬೆಳಕಿಗೆ ಹಿಡಿದಿರಿ, ಅಕ್ಕನ ಮುಖ ನೋಡಲಿಲ್ಲ. ಹದಿನೈದು ದಿನಕ್ಕೆ ಕಾಗದ ಬಂತು: "ಪರೀಕ್ಷಿಸಲಾಗಿದೆ. ಯಾವುದೇ ದೋಷ ಕಂಡುಬಂದಿಲ್ಲ." ಎರಡನೆಯ ವಾಕ್ಯದ ಬಗ್ಗೆ ವಾದ ಮಾಡಬಹುದು. ಮೊದಲನೆಯದು ಸುಳ್ಳು.

ನಾನು ಡಾಕ್ಟರಲ್ಲ, ವಿಜ್ಞಾನ ಕಲಿಸುವ ಮಾಸ್ತರ. ಬೇರೊಬ್ಬ ನೋವುತಜ್ಞರು ಚೀಟಿಯಲ್ಲಿ ಬರೆದ 'ಸೆಂಟ್ರಲ್ ಸೆನ್ಸಿಟೈಸೇಶನ್' ಎಂಬ ಎರಡು ಪದಗಳ ಬೆನ್ನುಹತ್ತಿ ಓದಿದವನು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇಲಿಗಳಲ್ಲಿ ಕಂಡದ್ದು ಇದು: ಗಾಯದ ಸುದ್ದಿ ಸತತವಾಗಿ ಬಂದು ಬಡಿದರೆ ಬೆನ್ನುಹುರಿಯ ನರಕೋಶಗಳೇ ಬದಲಾಗುತ್ತವೆ, ಆಮೇಲೆ ಸಣ್ಣ ಸ್ಪರ್ಶಕ್ಕೂ ಸಿಡಿಯುತ್ತವೆ. ನಮ್ಮೂರ ಆದಿಲ್ ಶಾಹಿ ಕಾಲದ ಕೆರೆಯನ್ನು ನೆನೆಯಿರಿ. ತೂಬು ಕೆಟ್ಟರೆ ಮಳೆ ನಿಂತ ಮೇಲೂ ನೀರು ಹರಿಯುತ್ತಲೇ ಇರುತ್ತದೆ. ನೀವು ಆಕಾಶ ನೋಡಿ, ಮೋಡವಿಲ್ಲ, ಗದ್ದೆ ಒದ್ದೆಯಾಗಿಲ್ಲ ಎಂದು ಬರೆದುಕೊಟ್ಟಿರಿ.

ಅಳೆಯುವುದು ಕಷ್ಟ, ಒಪ್ಪುತ್ತೇನೆ. ಸೆಂಟ್ರಲ್ ಸೆನ್ಸಿಟೈಸೇಶನ್‌ಗೆ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ ಕೊಟ್ಟಿರುವ ವ್ಯಾಖ್ಯೆ ನರಕೋಶಗಳ ವರ್ತನೆಯದು. ಬದುಕಿರುವ ಹೆಣ್ಣುಮಗಳ ಬೆನ್ನುಹುರಿಗೆ ತಂತಿ ಚುಚ್ಚಿ ನೋಡಲು ಬರುವುದಿಲ್ಲ, ಹೊರಗಿನ ಗುರುತುಗಳಿಂದ ಊಹಿಸಬೇಕು. 2012ರಲ್ಲಿ ಬಂದ ಒಂದು ಪ್ರಶ್ನಾವಳಿ ಇದೆ: 25 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 100, 40 ದಾಟಿದರೆ ಅನುಮಾನ. ಅಕ್ಕನಿಗೆ 58 ಬಂದಿತ್ತು. ಆ ಅಂಕಿಯನ್ನು ನಿಮ್ಮ ಮೇಜಿನ ಮೇಲೆ ಕುಟ್ಟುವವನಲ್ಲ ನಾನು. ನಿದ್ದೆ, ಚಿಂತೆ, ದಣಿವು ಎಲ್ಲವನ್ನೂ ಕೇಳುವ ಆ ಹಾಳೆ ನರಕ್ಕಿಂತ ಮನಸ್ಸಿನ ಸಂಕಟವನ್ನೇ ಹೆಚ್ಚು ಅಳೆಯುತ್ತದೆ ಎಂದು ಬಲ್ಲವರೇ ಆಕ್ಷೇಪಿಸಿದ್ದಾರೆ. ಅದೂ ಹೊರಗಿನ ಭಾಷೆಯದು. ನಮ್ಮ ಕಡೆ ಬ್ಯಾನಿ ಎಂದರೆ ನೋವೂ ಹೌದು, ಜಡ್ಡೂ ಹೌದು, ಹೆರಿಗೆಯ ನೋವೂ ಹೌದು. ನಾನು ಓದಿ ಹೇಳುತ್ತ 'ಒಮ್ಮೊಮ್ಮೆ' ಎಂಬ ಮನೆಗೆ ಬಂದಾಗ ಅಕ್ಕ ಕೇಳಿದಳು: "ಒಮ್ಮೊಮ್ಮೆ ಅಂತಾರಲ್ಲೋ ತಮ್ಮಾ, ಬಿಟ್ಟಿದ್ದರ ಯಾವಾಗ?"

ಅದಕ್ಕೇ ಕೈ ಬೇಕಿತ್ತು. ಆ ನೋವುತಜ್ಞರು ಏಟೇ ಬೀಳದ ಮುಂಗೈಯ ಮೇಲೆ ಹತ್ತಿಯ ಎಳೆ ಎಳೆದರು, ಒಂದೇ ಮೊಂಡುಸೂಜಿಯನ್ನು ಒಂದೇ ಒತ್ತಿನಲ್ಲಿ ಹತ್ತು ಸಲ ತಾಗಿಸಿದರು. ಹತ್ತನೆಯದಕ್ಕೆ ಅಕ್ಕ ಕೈ ಕಿತ್ತುಕೊಂಡಳು. ಹಿಡಿದದ್ದು ಐದು ನಿಮಿಷ. ಅದರಿಂದಲೇ ಎಲ್ಲ ಸಾಬೀತಾಗುವುದಿಲ್ಲ ಎಂದು ಅವರೂ ಹೇಳಿದರು. ಆದರೆ ಮುಟ್ಟಿದರು.

2016ರ ಕಾಯ್ದೆಯ 21 ಬಗೆಯ ಅಂಗವಿಕಲತೆಗಳಲ್ಲಿ ದೀರ್ಘಕಾಲದ ನೋವಿಗೆ ಬೇರೆ ಹೆಸರಿಲ್ಲ, ಸೌಲಭ್ಯಕ್ಕೆ ಬೇಕಾದ ಶೇ 40ರ ಗೆರೆಯೂ ನನಗೆ ಗೊತ್ತು. ಕಾನೂನಿನಲ್ಲಿ ಜಾಗವಿಲ್ಲ ಎಂದು ಬರೆದಿದ್ದರೆ ಕಾನೂನಿನ ಜತೆ ಜಗಳ ಆಡುತ್ತಿದ್ದೆ. ನೀವು ಅಕ್ಕನ ಮೈಯಲ್ಲೇ ಏನೂ ಇಲ್ಲ ಎಂದಿರಿ. ಆ ಕಾಗದ ಈಗ ಅವಳ ಗಂಡನ ಮನೆಯ ಗೂಡಿನಲ್ಲಿದೆ. ಅಕ್ಕ ಕೊಡ ಎತ್ತಲಾರೆ ಎಂದಾಗಲೆಲ್ಲ ಹೊರಗೆ ಬರುತ್ತದೆ: "ಸರಕಾರನ ಬರದೈತಿ, ಸೋಗ ಸಾಕು." ಆರು ವರ್ಷದ ನೋವು ಕೊಡದ ಹೆಸರನ್ನು ನಿಮ್ಮ ಮೊಹರು ಕೊಟ್ಟಿತು.

ಅಕ್ಕ ಒಬ್ಬಳೇ ಏನು? ತಿಕೋಟಾ ಕಡೆಯ ತೋಟಗಳಲ್ಲಿ ದ್ರಾಕ್ಷಿಯ ಸಿಹಿ ಅಳೆಯಲು ಮೀಟರು ಇದೆ. ದಿನವಿಡೀ ಕತ್ತು ಎತ್ತಿ ಗೊನೆ ಕತ್ತರಿಸುವ ಹೆಣ್ಣಿನ ಕುತ್ತಿಗೆಗೆ? ಅವಳಿಗೆ ಅಂಗಡಿಯ ಗುಳಿಗೆ, ಸಂಜೆಗೊಂದು ಸೂಜಿ, ಮೂತ್ರಪಿಂಡ ಹೋದ ಮೇಲೆ ನಿಮ್ಮ ಆಸ್ಪತ್ರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ದೀರ್ಘಕಾಲದ ನೋವಿಗೇ ಪ್ರತ್ಯೇಕ ಸಂಕೇತವಿದೆ. ನಿಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು ಎಳೆಯಲು ಯಾರ ಅಪ್ಪಣೆ ಬೇಕು? ಪ್ರತಿ ತಾಲೂಕಿಗೆ ವಾರಕ್ಕೊಂದು ದಿನ ನೋವಿನ ಚಿಕಿತ್ಸೆ ಬಲ್ಲವರೊಬ್ಬರನ್ನು ಕೂಡಿಸಿದರೆ ಯಾರ ಗಂಟು ಹೋಗುತ್ತದೆ?

ಇದನ್ನೆಲ್ಲ ನೀವೊಬ್ಬರೇ ಮಾಡಲಾರಿರಿ, ಸರಿ. ಒಂದು ನಿಮ್ಮ ಕೈಯಲ್ಲೇ ಇದೆ. 'ಪರೀಕ್ಷಿಸಲಾಗಿದೆ' ಎಂಬ ಪದವನ್ನು ಹೊಡೆದು ಹಾಕಿ ಸಹಿ ಮಾಡಿ, ಇಲ್ಲವೆ ಅದನ್ನು ನಿಜ ಮಾಡಿ. ಸೊಂಟ ಬೇಡ, ಮುಂಗೈ ಸಾಕು. ಹತ್ತಿ ನಾನೇ ತರುತ್ತೇನೆ. ಯಾವ ಬುಧವಾರ, ಹೇಳಿ.

ಮಮದಾಪುರದ ಒಬ್ಬ ತಮ್ಮ