ಎಲಿಕಾಪ್ಟ್ರು ಅಂದ್ರೆ ನಗೋರಿಗೆ

ಮೊನ್ನೆ ಆಫೀಸಿನ ಡೆಮೊದಲ್ಲಿ ಮಂಡ್ಯ ಕಡೆಯ ಹೊಸ ಹುಡುಗನೊಬ್ಬ ಮ್ಯಾಪ್ ಮೇಲಿನ ಐಕಾನ್ ತೋರಿಸ್ತಾ "ಇದು ಎಲಿಕಾಪ್ಟ್ರು ಸಾರ್" ಅಂದ. ನಮ್ಮ ಲೀಡ್ ಸಾಹೇಬರು ನಕ್ಕು, ಬೋರ್ಡಿನ ಮೇಲೆ ಪದವನ್ನ ಕತ್ತರಿಸಿ ಬರೆದರು: ಹೆ-ಲಿ-ಕಾಪ್-ಟರ್. "ಹೆಲಿ ಬೇರೆ, ಕಾಪ್ಟರ್ ಬೇರೆ, ಎರಡು ಸೇರಿ ಆಗಿರೋದು. ಈ ಹಳ್ಳಿ ಉಚ್ಚಾರ ಬಿಡಪ್ಪಾ." ಎಲ್ಲರೂ ನಕ್ಕರು. ನಾನು ತುಟಿ ಬಿಚ್ಚಲಿಲ್ಲ, ಅದೇ ಈಗ ಚುಚ್ತಾ ಇರೋದು.

ಆ ಪಾಠವೇ ತಪ್ಪು ಕಣ್ರೀ! ಈ ಪದ ಇಂಗ್ಲಿಷರ ಮನೆಯದ್ದೇ ಅಲ್ಲ. 1861ರಲ್ಲಿ ಗುಸ್ತಾವ್ ಪೊಂತೊ ದಾಮೆಕೂರ್ ಅನ್ನೋ ಫ್ರೆಂಚ್ ಮನುಷ್ಯ ಎರಡು ಗ್ರೀಕ್ ಪದ ಜೋಡಿಸಿ ಮಾಡಿದ್ದು. 'ಹೆಲಿಕ್' ಅಂದ್ರೆ ಸುರುಳಿ, 'ಪ್ಟೆರಾನ್' ಅಂದ್ರೆ ರೆಕ್ಕೆ. ಅಂದರೆ ಬೆಸುಗೆ ಇರೋದು 'ಹೆಲಿಕೊ' ಆದಮೇಲೆ, 'ಪ್ಟರ್' ಶುರುವಾಗೋ ಕಡೆ. 'ಕಾಪ್ಟರ್' ಅನ್ನೋದಕ್ಕೆ ಗ್ರೀಕಿನಲ್ಲಿ ಅರ್ಥವೇ ಇಲ್ಲ! ಇಂಗ್ಲಿಷರು ತಪ್ಪು ಜಾಗದಲ್ಲಿ ಮುರಿದು ಒಂದು ಚೂರಿನಿಂದ ಹೆಲಿಪ್ಯಾಡ್, ಇನ್ನೊಂದರಿಂದ ಕ್ವಾಡ್‌ಕಾಪ್ಟರ್ ಮಾಡಿಕೊಂಡರು. ಮಾಡಿಕೊಳ್ಳಲಿ, ಭಾಷೆ ಬೆಳೆಯೋದೇ ಹಾಗೆ. ಮಾತಾಡುವಾಗ ಕಾಪ್-ಟರ್ ಅಂತ ಬಿಡಿಸೋದೂ ಸಹಜ, ನಮ್ಮ ನಾಲಿಗೆಯೂ ಹಾಗೇ ಬಿಡಿಸುತ್ತೆ. ಆದರೆ ಅವರು ಮುರಿದರೆ ವ್ಯಾಕರಣ, ನಾವು ಮುರಿದರೆ ಹಳ್ಳಿತನ, ಇದ್ಯಾವ ನ್ಯಾಯ?

ಅದೇ ರೆಕ್ಕೆಯ ಪದ ಟೆರೊಡ್ಯಾಕ್ಟೈಲ್ ಅನ್ನೋ ಹಳೇ ಹಾರುಪ್ರಾಣಿಯ ಹೆಸರಲ್ಲೂ ಇದೆ. ಸ್ಪೆಲ್ಲಿಂಗಿನಲ್ಲಿ 'ಪ' ಇದೆ, ಬಾಯಲ್ಲಿ ಇಲ್ಲ, ನುಂಗಿಬಿಟ್ಟಿದ್ದಾರೆ. ಯಾರೂ ನಗಲ್ಲ.

ಕನ್ನಡದಲ್ಲಿ ಬರೆದು ನೋಡಿ: ಹೆ, ಲಿ, ಕಾ, ಪ್ಟ, ರ್. ಪಕಾರದ ಕೆಳಗೆ ಟಕಾರದ ಒತ್ತು, ರೆಕ್ಕೆ ಮುರಿದೇ ಇಲ್ಲ :) ಇದು ನಮ್ಮ ಲಿಪಿಯ ಸ್ವಭಾವ, ಗ್ರೀಕ್ ಪಾಂಡಿತ್ಯವೇನಲ್ಲ ಬಿಡಿ. ಆದರೂ ಇಂಗ್ಲಿಷ್ ಬರೆಯೋಕೆ ಕನ್ನಡ ಲಿಪಿ ಲಾಯಕ್ಕಿಲ್ಲ ಅಂತ ಮೂಗು ಮುರಿಯೋರು ಇದನ್ನೊಮ್ಮೆ ನೋಡಬೇಕು.

ಇನ್ನು ಹಕಾರದ ವಿಷಯ. ಪದ ಹುಟ್ಟಿಸಿದ ಫ್ರೆಂಚರೇ ಅದನ್ನ ಉಚ್ಚರಿಸಲ್ಲ, ಅವರ ಬಾಯಲ್ಲಿ ಅದು 'ಎಲಿಕೊಪ್ತೇರ್'. ನಮ್ಮ ಮಂಡ್ಯದ ಹುಡುಗನ 'ಎ' ಪ್ಯಾರಿಸ್ಸಿನ 'ಎ'ಗೆ ಹತ್ತಿರ! ಲೀಡ್ ಸಾಹೇಬರೇ ದಿನಕ್ಕೆ ಹತ್ತು ಸಲ 'ಅವರ್', 'ಆನೆಸ್ಟ್ಲಿ' ಅಂತಾರಲ್ಲ, ಅಲ್ಲಿರೋ ಹಕಾರ ಎಲ್ಲಿ ಹೋಯ್ತು?

ಇದನ್ನೆಲ್ಲ ಅವತ್ತೇ ಹೇಳಬೇಕಿತ್ತು. ಮರುದಿನದ ಡೆಮೊದಲ್ಲಿ ಆ ಹುಡುಗ ಅದೇ ಐಕಾನ್ ಹತ್ರ ಬಂದು ಒಂದು ಕ್ಷಣ ತಡೆದ. ಆಮೇಲೆ 'ಚಾಪರ್' ಅಂದ.